ಹೊಗೆ ಇಲ್ಲದ ಇದ್ದಿಲು

ಕಡೂರು
6 ಅಕ್ಟೋಬರ್ 2024

ಚೌಳಹಿರಿಯೂರಿನ ಬೀಗಿತ್ತಿ ಶಕುಂತಲಮ್ಮನವರಿಗೆ ಕಡೂರಿನಿಂದ ಕಾಂತಮ್ಮನ ಶರಣು.

ನಿಮಗೆ ಕಿವಿ ಪೂರ್ತಿ ಹೋದ ಮೇಲೆ ಫೋನಿನಲ್ಲಿ ಮಾತಾಡುವುದೆಂದರೆ ನಾನು ಇಲ್ಲಿ ಕಿರುಚುವುದು, ನೀವು ಅಲ್ಲಿ "ಆಂ?" ಅನ್ನುವುದು, ನಡುವೆ ನಿಮ್ಮ ಮಗ ಮಹೇಂದ್ರ ತನಗೆ ಬೇಕಾದಷ್ಟನ್ನು ಮಾತ್ರ ದಾಟಿಸುವುದು. ಅದಕ್ಕೇ ಕಾಗದ. ಏಳನೇ ಕ್ಲಾಸಿನವಳ ಅಕ್ಷರ, ಸೊಟ್ಟಗಿದ್ದರೆ ನಗಬೇಡಿ.

ನಿಮ್ಮ ಮಗಳು ನಿಖಿತಾಳ ಬಾಣಂತನ ನಮ್ಮ ಮನೆಯಲ್ಲೇ ಆಗಲಿ. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕು, ನಿಜ. ಆದರೆ ನಿಮ್ಮ ಸೊಸೆ ನಿಶ್ಚಿತಾಳೂ ಬಸುರಿ. ತಾಯಿಯಿಲ್ಲದ ಹುಡುಗಿ, ಅವಳನ್ನು ಎಲ್ಲಿಗೆ ಕಳಿಸುತ್ತೀರಿ? ಒಂದೇ ಸೂರಿನಡಿ ಇಬ್ಬರು ಬಾಣಂತಿಯರು ಇರಬಾರದು ಅನ್ನುವುದು ನಿಮ್ಮಲ್ಲೂ ಇದೆ, ನಮ್ಮಲ್ಲೂ ಇದೆ. ಹಾಗಾಗಿ ನಿಖಿತಾಳನ್ನು ನನಗೆ ಬಿಡಿ.

ನನ್ನ ಮಗ ಹೊನ್ನೇಶ ಅವಳನ್ನು ಇಷ್ಟಪಟ್ಟು ಕಟ್ಟಿಕೊಂಡಾಗ ನೀವು ನಮ್ಮ ಬ್ಲಾಕ್ ನೋಡಿ "ಬೆಂಕಿಪೊಟ್ಟಣ ಒಂದರ ಮೇಲೊಂದು ಪೇರಿಸಿದಂಗದೆ" ಅಂದಿರಂತೆ. ಇರಲಿ, ಹೇಳಿದ್ದು ಸುಳ್ಳಲ್ಲ. ನಾಲ್ಕು ಮಹಡಿ, ನಮ್ಮದು ತುದಿಯದು. ಬೇಸಿಗೆಯಲ್ಲಿ ತಾರಸಿ ಕಾದು ರೊಟ್ಟಿ ಹಂಚಾಗುತ್ತದೆ, ಮಾಗಿಯಲ್ಲಿ ಗೋಡೆಯ ಮೇಲಿನ ಜಾಲಂಧ್ರದಿಂದ ಗಾಳಿ ನುಗ್ಗಿ ಹಲ್ಲು ಕಟಕಟ ಅನ್ನುತ್ತದೆ. ಆದರೆ ಈಗ ಒಂದು ಯೋಜನೆ ಬಂದಿದೆ. ಬಡವರ ಬ್ಲಾಕುಗಳಲ್ಲಿ ಸೆಕೆ ಒಳಗೆ ಬರಬಾರದು, ಚಳಿಗಾಲದಲ್ಲಿ ಬಿಸಿ ಹೊರಗೆ ಹೋಗಬಾರದು, ಕರೆಂಟೂ ಉಳಿಯಬೇಕು ಅಂತ ಕೆಲಸ ಶುರುಮಾಡಿದ್ದಾರೆ. ತಾರಸಿಗೆ ಬಿಳಿ ಬಣ್ಣ ಬಳಿದಾಯಿತು. ನಿಮ್ಮ ಮಗಳಿಗೆ ಇಲ್ಲಿ ಏನೂ ಕಡಿಮೆಯಾಗುವುದಿಲ್ಲ.

ಒಪ್ಪಿಗೆ ಬರೆಯಿರಿ.

ಕಾಂತಮ್ಮ

*

ಚೌಳಹಿರಿಯೂರು
16 ಅಕ್ಟೋಬರ್ 2024

ಕಾಂತಮ್ಮನವರಿಗೆ,

ನಿಮ್ಮ ಕಾಗದ ತಲುಪಿತು. ಒಪ್ಪದೆ ಬೇರೆ ದಾರಿ ಇಲ್ಲ ಅಂತ ನಿಮಗೂ ಗೊತ್ತು, ಆದರೂ ಒಪ್ಪಿಗೆ ಕೇಳಿದ್ದೀರಿ. ಅಷ್ಟು ಮರ್ಯಾದೆ ಉಳಿಸಿದ್ದಕ್ಕೆ ಸಂತೋಷ.

ನನ್ನ ಹೊಟ್ಟೆ ಉರಿಯುತ್ತಿದೆ. ಇಷ್ಟು ದೊಡ್ಡ ಮನೆ, ಹಿತ್ತಲ ತುಂಬ ತೆಂಗು, ಹೆತ್ತ ಮಗಳಿಗೆ ಒಂದು ಬಾಣಂತನ ಮಾಡಲಾರದ ತಾಯಿ ನಾನು. ನಮ್ಮ ಯಜಮಾನರು ಚನ್ನಬಸಪ್ಪನವರು "ಇದೆಲ್ಲ ಹಳೇ ಕಾಲದ್ದು ಕಣೇ, ಇಬ್ರೂ ಇಲ್ಲೇ ಇರ್ಲಿ" ಅಂತ ಬರೆದು ತೋರಿಸಿದರು. ಹೆಚ್ಚುಕಮ್ಮಿ ಆದರೆ ಊರು ಅವರನ್ನು ಕೇಳುವುದಿಲ್ಲ, ನನ್ನನ್ನು ಕೇಳುತ್ತದೆ.

ಬೆಂಕಿಪೊಟ್ಟಣ ಅಂದದ್ದು ಹೌದು. ನಿಮ್ಮವರೆಗೆ ತಲುಪಿಸಿದ ಪುಣ್ಯಾತ್ಮರು ಯಾರೋ! ಈಗ ಕೇಳುವುದನ್ನು ಕೇಳುತ್ತೇನೆ. ನಾಲ್ಕನೇ ಮಹಡಿಯ ಗಾಳಿ ಬಾಣಂತಿಗೆ ತಾಗಿದರೆ ಏನು ಗತಿ? ಅಗ್ಗಿಷ್ಟಿಕೆ ಇಡಲು ಜಾಗ ಇದೆಯೇ? ನನ್ನ ಎರಡು ಬಾಣಂತನದಲ್ಲೂ ನನ್ನ ತಾಯಿ ಮಂಚದ ಕಾಲ ಬುಡದಲ್ಲಿ ಕೆಂಡ ಆರಲು ಬಿಡಲಿಲ್ಲ. ಅದಕ್ಕೇ ಈ ವಯಸ್ಸಿನಲ್ಲೂ ನನ್ನ ಸೊಂಟ ಗಟ್ಟಿ. ಕಿವಿ ಹೋದದ್ದು ಜ್ವರಕ್ಕೆ, ಗಾಳಿಗಲ್ಲ.

ಶಕುಂತಲಮ್ಮ

*

ಕಡೂರು
12 ನವೆಂಬರ್ 2024

ಬೀಗಿತ್ತಿಯವರಿಗೆ ಶರಣು.

ಗಾಳಿಯ ಚಿಂತೆ ಬಿಡಿ. ನಮ್ಮ ಮನೆಯೊಳಗೆ ಈಗ ಗಾಳಿ ಬರಬೇಕಾದರೆ ನನ್ನನ್ನು ಕೇಳಿ ಬರಬೇಕು.

ಕೆಲಸ ಮುಗಿಯಿತು. ಜಾಲಂಧ್ರಗಳನ್ನು ಇಟ್ಟಿಗೆ ಹಾಕಿ ಮುಚ್ಚಿದರು. ಚಾವಣಿಗೆ ಒಳಗಿನಿಂದ ದಪ್ಪನೆಯ ಬಿಳಿ ಹಲಗೆ ಹೊಡೆದರು. ಕಿಟಕಿ ಬಾಗಿಲುಗಳ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿದರು. ಬಾಗಿಲು ಹಾಕಿದರೆ ಡಬ್ಬಿಯ ಮುಚ್ಚಳ ಹಾಕಿದ ಹಾಗೆ. ಎದುರು ಮನೆಯ ಈರಕ್ಕ ಬಂದು, "ಏನ್ ಕಾಂತಮ್ಮಾ, ನೀನು ಮೀನ್ ಸಾರು ಮಾಡಿದ್ರೂ ವಾಸ್ನೆ ಬರಕಿಲ್ವಲ್ಲ ಇನ್ಮೇಲೆ" ಅಂದಳು. ಲಿಂಗ ಕಟ್ಟಿದವಳ ಮನೆಯಲ್ಲಿ ಮೀನು ಹುಡುಕುವ ಬಾಯಿ ಅದು.

ಸುಮನಾ ಅಂತ ಒಬ್ಬಳು ಇಂಜಿನಿಯರು, ತರೀಕೆರೆಯ ಹುಡುಗಿ, ಎಲ್ಲರನ್ನೂ ಕೆಳಗೆ ಸೇರಿಸಿ ಹೇಳಿದಳು: "ಅಮ್ಮಾ, ಇನ್ಮೇಲೆ ಮನೆ ಒಳಗೆ ಹೊಗೆ ಮಾಡ್ಬೇಡಿ. ಅಡುಗೆ ಮನೆಗೆ ಗಾಳಿ ಎಳೆಯೋ ಫ್ಯಾನು ಬರ್ತದೆ, ಅಲ್ಲೀವರೆಗೂ ಹುಷಾರು." ಫ್ಯಾನುಗಳು ಅಜ್ಜಂಪುರದಲ್ಲಿ ಗುತ್ತಿಗೆದಾರನ ಗೋಡೌನಿನಲ್ಲಿ ಇವೆಯಂತೆ. ತರೀಕೆರೆಯ ಬ್ಲಾಕಿನಲ್ಲಿ ಮೊದಲು ಫ್ಯಾನು ಹಾಕಿ ಆಮೇಲೆ ತೂತು ಮುಚ್ಚಿದರಂತೆ, ನಮಗೆ ಮೊದಲು ತೂತು ಮುಚ್ಚಿದ್ದಾರೆ. ಎಲ್ಲಿ ಮೊದಲು ಎಲ್ಲಿ ಕೊನೆ, ಅವರ ಲೆಕ್ಕ ಅವರಿಗೆ. ಮನೆ ಬೆಚ್ಚಗಾಯಿತಲ್ಲ, ನನಗೆ ಅಷ್ಟು ಸಾಕು.

ನಿಶ್ಚಿತಾ ಮಲಗುವ ಕೋಣೆಯ ಕಿಟಕಿ ಸಂದಿಯಲ್ಲಿ ಗಾಳಿ ಸುಯ್ ಅನ್ನುತ್ತದೆ ಅಂತ ನಿಖಿತಾ ಹೇಳಿದಳು. ಕೆಲಸದವರು ಬಿಟ್ಟುಹೋದ ರಬ್ಬರ್ ಪಟ್ಟಿಯ ಸುರುಳಿಯೊಂದನ್ನು ಎತ್ತಿಟ್ಟಿದ್ದೆ. ಹೊನ್ನೇಶ ಗೂಡ್ಸ್ ಆಟೋದಲ್ಲಿ ನಿಮ್ಮ ಕಡೆ ಬರುವಾಗ ಕೊಡುತ್ತಾನೆ. ಬೆಂಕಿಪೊಟ್ಟಣದ ಮನೆಯಿಂದ ದೊಡ್ಡ ಮನೆಗೊಂದು ಉಡುಗೊರೆ!

ನಿಖಿತಾ ಚೆನ್ನಾಗಿದ್ದಾಳೆ. ಹುಣಸೆಹಣ್ಣು ಕದ್ದು ತಿನ್ನುತ್ತಾಳೆ, ನಾನು ನೋಡಿಲ್ಲದ ಹಾಗೆ ಇರುತ್ತೇನೆ.

ಕಾಂತಮ್ಮ

*

ಚೌಳಹಿರಿಯೂರು
25 ನವೆಂಬರ್ 2024

ಕಾಂತಮ್ಮನವರೇ,

ಪಟ್ಟಿ ತಲುಪಿತು. ಮಹೇಂದ್ರ ಅದೇ ದಿನ ಅಂಟಿಸಿದ. ನಿಶ್ಚಿತಾ "ಅತ್ತೆ, ಮೇಣದ ಬತ್ತಿ ಹಚ್ಚಿದ್ರೆ ಅಲ್ಲಾಡಂಗೇ ಇಲ್ಲ" ಅಂತ ನನಗೆ ತೋರಿಸಿದಳು. ಉಡುಗೊರೆಗೆ ಉಡುಗೊರೆ ಕೊಡದೆ ಇದ್ದರೆ ನಾನು ಎಂಥ ಬೀಗಿತ್ತಿ? ಹೊನ್ನೇಶನ ಆಟೋದಲ್ಲಿ ಒಂದು ಮೂಟೆ ಇಟ್ಟಿದ್ದೇನೆ. ತೆಂಗಿನ ಚಿಪ್ಪಿನ ಇದ್ದಿಲು. ಗುಂಡಿ ತೋಡಿ, ಚಿಪ್ಪು ಸುಟ್ಟು, ಮಣ್ಣು ಮುಚ್ಚಿ ಆರಿಸಿದ್ದು. ಆಳಿನ ಕೈಗೆ ಕೊಡಲಿಲ್ಲ, ನಾನೇ ಮಾಡಿದೆ, ನಾನೇ ಆರಿಸಿ ತುಂಬಿದೆ. ಮಗಳಿಗೆ ಮೈ ಒತ್ತಿ ನೀರೆರೆಯಲಂತೂ ಆಗುವುದಿಲ್ಲ, ಬಿಸಿಯನ್ನಾದರೂ ಕಳಿಸುತ್ತೇನೆ.

ನಿಮ್ಮ ಇಂಜಿನಿಯರು ಹೊಗೆ ಮಾಡಬೇಡಿ ಅಂದಳಲ್ಲ, ಇದಕ್ಕೆ ಹೊಗೆಯೇ ಇಲ್ಲ. ಸೌದೆ ಇದ್ದಿಲಿನ ಹಾಗೆ ಕಣ್ಣು ಉರಿಯುವುದಿಲ್ಲ, ಗಂಟಲು ಕೆರೆಯುವುದಿಲ್ಲ. ಹೊರಗೆ ಮೆಟ್ಟಿಲ ಹತ್ತಿರ ಹಚ್ಚಿ, ಉರಿ ಅಡಗಿ ಕೆಂಪಾದ ಮೇಲೆ ಒಳಗೆ ತಂದು ಮಂಚದ ಕೆಳಗಿಡಿ. ಬಾಗಿಲು ಕಿಟಕಿ ಭದ್ರವಾಗಿ ಹಾಕಿ. ನಿಮ್ಮ ಮನೆ ಡಬ್ಬಿಯಂತಾಗಿದೆ ಅಂದಿರಿ, ಬಾಣಂತಿಗೆ ಅದಕ್ಕಿಂತ ಒಳ್ಳೆಯ ಮನೆ ಯಾವುದು? ನಾನೇ ಸುಮ್ಮನೆ ಆಡಿಕೊಂಡೆ.

ಮೊದಲು ಬರೆಯುವಾಗ ಸ್ವಲ್ಪ ಒರಟಾಗಿ ಬರೆದೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

ಶಕುಂತಲಮ್ಮ

*

ಕಡೂರು
15 ಡಿಸೆಂಬರ್ 2024

ಅಕ್ಕಾವ್ರಿಗೆ ಶರಣು.

ಇನ್ನು ಬೀಗಿತ್ತಿ ಅನ್ನುವುದಿಲ್ಲ, ಅಕ್ಕ ಅನ್ನುತ್ತೇನೆ. ಒಂದೇ ಮಗುವಿಗೆ ಇಬ್ಬರು ಅಜ್ಜಿಯರು, ನಮ್ಮ ನಡುವೆ ಇನ್ನೇನು ಬಿಗುಮಾನ?

ಆಸ್ಪತ್ರೆಯಲ್ಲಿ ನೀವು ಮೊಮ್ಮಗಳನ್ನು ನೋಡಿ ಹೋದ ಮೇಲೆ ಮಗು ಇನ್ನೂ ಮೈತುಂಬಿದೆ. ಮೂಗು ಥೇಟ್ ನಿಮ್ಮದು, ಅದೊಂದು ಬಿಟ್ಟರೆ ಎಲ್ಲ ಚೆನ್ನಾಗಿದೆ! ಕೆನ್ನೆ ದಾಳಿಂಬೆ ಹೂವಿನ ಕೆಂಪು. ಅತ್ತು ಕಾಡುವುದೇ ಇಲ್ಲ, ಹಾಲು ಕುಡಿದರೆ ಮಲಗಿತು. ಈರಕ್ಕ "ಇಂಥ ಪುಣ್ಯದ ಮಗು ಕಂಡಿಲ್ಲ ಕಣವ್ವಾ, ನನ್ನ ಮಕ್ಳು ಬ್ಲಾಕೆಲ್ಲಾ ಏಳಿಸ್ತಿದ್ವು" ಅನ್ನುತ್ತಾಳೆ. ಹೊನ್ನೇಶ ಆಟೋ ನಿಲ್ಲಿಸಿ ದಿನಕ್ಕೆ ಮೂರು ಸಲ ಮೆಟ್ಟಿಲು ಹತ್ತಿ ಬಂದು ನೋಡಿ ಹೋಗುತ್ತಾನೆ. ಬಾಡಿಗೆ ಕೈತಪ್ಪಿದರೂ ಅವನಿಗೆ ಚಿಂತೆಯಿಲ್ಲ.

ನಿಮ್ಮ ಇದ್ದಿಲು ಚಿನ್ನ. ಒಂದು ಎಳೆ ಹೊಗೆ ಇಲ್ಲ. ಕೋಣೆ ಬೆಚ್ಚಗೆ ಕಾವು ಕೂತ ಕೋಳಿಯ ಬುಟ್ಟಿಯ ಹಾಗಿರುತ್ತದೆ. ನಿಖಿತಾಳಿಗೆ ಬೆಳಿಗ್ಗೆ ಎದ್ದಾಗ ಸ್ವಲ್ಪ ತಲೆನೋವು, ಒಂದು ದಿನ ವಾಂತಿಯೂ ಆಯಿತು. ನಡುಮನೆಗೆ ಬಂದು ಕೂತರೆ ಸರಿಹೋಗುತ್ತದೆ. ದೃಷ್ಟಿ ಇರಬೇಕು ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿದೆ. ನೀವು ಏನನ್ನುತ್ತೀರಿ?

ಕಾಂತಮ್ಮ

*

ಚೌಳಹಿರಿಯೂರು
19 ಡಿಸೆಂಬರ್ 2024

ಕಾಂತಮ್ಮ,

ಇದನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಬೇಗ ತಲುಪಲಿ ಅಂತ.

ತಲೆನೋವು, ವಾಂತಿ ಅಂದರೆ ದೃಷ್ಟಿಯಲ್ಲ, ಗಾಳಿ ಹೊಕ್ಕಿದೆ. ನೀವು ಅವಳನ್ನು ನಡುಮನೆಗೆ ಕರೆದದ್ದೇ ತಪ್ಪು. ಕೋಣೆ ಬಿಟ್ಟು ಆಚೆ ಬರಕೂಡದು. ಕಿವಿಗೆ ಹತ್ತಿ ಇಡಿ, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ. ರಬ್ಬರ್ ಪಟ್ಟಿ ಇದ್ದರೂ ಬಾಗಿಲ ಕೆಳಗೆ ಸಂದಿ ಇರುತ್ತದೆ, ಅಲ್ಲಿಗೆ ಹಳೇ ಸೀರೆ ತುರುಕಿ. ಇದ್ದಿಲು ಎರಡು ಹಿಡಿ ಹೆಚ್ಚಿಗೆ ಹಾಕಿ. ಮುಗಿದರೆ ಇನ್ನೊಂದು ಮೂಟೆ ಕಳಿಸುತ್ತೇನೆ, ಕೈ ಬಿಗಿ ಹಿಡಿಯಬೇಡಿ.

ನನ್ನ ಮೂಗನ್ನು ಆಡಿಕೊಂಡದ್ದಕ್ಕೆ ನಾಮಕರಣದ ದಿನ ಬಂದು ಉತ್ತರ ಕೊಡುತ್ತೇನೆ.

ಶಕುಂತಲಮ್ಮ

*

ಕಡೂರು
6 ಜನವರಿ 2025

ಅಕ್ಕಾ,

ಮಗುವನ್ನು ಮಣ್ಣು ಮಾಡಿದ ದಿನ ನೀವು ನನ್ನ ಕೈ ಹಿಡಿದುಕೊಂಡು ಏನೇನೋ ಕೇಳಿದಿರಿ. ಬಾಯಲ್ಲಿ ಹೇಳಿದ್ದರೂ ನಿಮಗೆ ಕೇಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಚೀಟಿಯಲ್ಲಿ ಬರೆದುಕೊಟ್ಟದ್ದನ್ನೇ ಮತ್ತೆ ಬರೆಯುತ್ತೇನೆ. ಮಗುವಿಗೆ ಕಫ ಕಟ್ಟಿತ್ತು. ಡಾಕ್ಟರು ಹಾಗೆ ಹೇಳಿದರು. ನಿಖಿತಾ ಎಚ್ಚರ ತಪ್ಪಿದ್ದು ನಿತ್ರಾಣಕ್ಕೆ. ಈಗ ಎದ್ದು ಓಡಾಡುತ್ತಾಳೆ. ಮಾತು ಕಡಿಮೆ. ಎದೆಹಾಲು ಬತ್ತಲು ಮಲ್ಲಿಗೆ ಹೂ ಕಟ್ಟಿದ್ದೇವೆ. ಅದನ್ನು ಕಟ್ಟುವಾಗ ನಾನು ಅವಳ ಮುಖ ನೋಡಲಿಲ್ಲ.

ನೀವು ಅವಳನ್ನು ಕರೆದುಕೊಂಡು ಹೋಗುತ್ತೇನೆ ಅಂದಿರಿ. ನಿಶ್ಚಿತಾ ತುಂಬಿದ ಬಸುರಿ, ಈಗ ಬೇಡ. ನಿಖಿತಾಳೂ ಬೇಡ ಅನ್ನುತ್ತಾಳೆ.

ಬ್ಲಾಕಿನಲ್ಲಿ ಜಾಲಂಧ್ರಗಳನ್ನು ಮತ್ತೆ ಒಡೆಯುತ್ತಿದ್ದಾರೆ. ಬೆಳಿಗ್ಗೆಯಿಂದ ಸುತ್ತಿಗೆ ಸದ್ದು. ಯಾಕೆ ಅಂತ ಕೇಳಬೇಡಿ, ಅಕ್ಕಾ. ಇದ್ದಿಲು ಇನ್ನು ಕಳಿಸಬೇಡಿ.

ಕಾಂತಮ್ಮ

*

ಚೌಳಹಿರಿಯೂರು
18 ಜನವರಿ 2025

ಕಾಂತಮ್ಮನವರಿಗೆ,

ನನಗೆ ಕಿವಿ ಇಲ್ಲ, ಬುದ್ಧಿ ಇದೆ. ಇದ್ದಿಲು ಕಳಿಸಬೇಡಿ ಅಂತ ಬರೆದ ಒಂದು ಸಾಲಿನಲ್ಲಿ ನನಗೆಲ್ಲ ಗೊತ್ತಾಯಿತು. ಮೂಟೆಯಲ್ಲಿ ಇದ್ದಿಲು ಉಳಿದಿದೆ ಅಂತ ತಾನೇ? ಉಳಿಯುವುದು ಹೇಗೆ? ನಾನು ಲೆಕ್ಕ ಹಾಕಿ ಕಳಿಸಿದ್ದೆ. ನೀವು ಮಲಗಿ ನಿದ್ದೆ ಮಾಡಿದಿರಿ, ಕೆಂಡ ಆರಿಹೋಯಿತು. ಮಾಗಿಯ ಚಳಿ, ತುದಿ ಮಹಡಿ, ಎಳೆ ಮಗು. ಕಫ ಕಟ್ಟದೆ ಇನ್ನೇನಾಗುತ್ತದೆ?

ನಿಜ ಬರೆಯಿರಿ. ಕೆಂಡ ಆರಿತ್ತು ತಾನೇ? ನನ್ನ ಮಗಳನ್ನು ನಿಮ್ಮ ಕೈಗೆ ಕೊಟ್ಟದ್ದಕ್ಕೆ ನನ್ನ ಕೈಯನ್ನೇ ಕಡಿದುಕೊಳ್ಳಬೇಕು ಅನ್ನಿಸುತ್ತದೆ.

ಶಕುಂತಲಮ್ಮ

*

ಕಡೂರು
24 ಜನವರಿ 2025

ಹೌದು ಅಕ್ಕಾ. ನಾನು ಮಲಗಿಬಿಟ್ಟಿದ್ದೆ. ಕೆಂಡ ಆರಿತ್ತು.

ಕಾಂತಮ್ಮ

*

ಚೌಳಹಿರಿಯೂರು
9 ಫೆಬ್ರವರಿ 2025

ಕಾಂತಮ್ಮನವರಿಗೆ,

ಬರೆಯಬಾರದು ಅಂತಲೇ ಇದ್ದೆ. ಯಜಮಾನರು "ಸಂಬಂಧ ಕಡ್ಕೊಳ್ಳಕ್ಕಾಗಲ್ಲ ಕಣೇ, ತಿಳಿಸು" ಅಂತ ಬರೆದು ತೋರಿಸಿದ್ದಕ್ಕೆ ತಿಳಿಸುತ್ತಿದ್ದೇನೆ. ನಿಶ್ಚಿತಾಳಿಗೆ ಗಂಡು ಮಗು. ಆಸ್ಪತ್ರೆಯಿಂದ ಮನೆಗೆ ಬಂದು ಮೂರು ದಿನವಾಯಿತು.

ಈ ಬಾಣಂತನ ನಾನೇ ಮಾಡುತ್ತೇನೆ. ಯಾರನ್ನೂ ನಂಬುವುದಿಲ್ಲ. ನೀವು ಕಳಿಸಿದ ಪಟ್ಟಿ ಕಿಟಕಿಗೆ ಇದೆ, ಉಳಿದದ್ದನ್ನು ಬಾಗಿಲಿಗೂ ಹಾಕಿಸಿದೆ. ಹೆಂಚಿನ ಕೋಣೆಯಲ್ಲ, ಮಹೇಂದ್ರ ಕಟ್ಟಿಸಿದ ಆರ್‌ಸಿಸಿ ಕೋಣೆ. ಒಂದಲ್ಲ, ಎರಡು ಅಗ್ಗಿಷ್ಟಿಕೆ ಇಟ್ಟಿದ್ದೇನೆ. ಒಂದು ಮಂದವಾಗುವ ಹೊತ್ತಿಗೆ ಇನ್ನೊಂದು ಕೆಂಪಾಗಿರುತ್ತದೆ. ನಿಮ್ಮ ಮನೆಯಲ್ಲಿ ಆದದ್ದು ನನ್ನ ಮನೆಯಲ್ಲಿ ಆಗಲು ಬಿಡುವುದಿಲ್ಲ. ನಿಶ್ಚಿತಾ ತಲೆ ಭಾರ ಅನ್ನುತ್ತಾಳೆ, ಮಂಕಾಗಿ ಮಲಗೇ ಇರುತ್ತಾಳೆ. ಗಾಳಿ ತಾಗಿದೆ. ಸರಿಮಾಡುವುದು ನನಗೆ ಗೊತ್ತು.

ಮಗುವನ್ನು ನೋಡಲು ನಿಖಿತಾ ಬರಲಿ, ಹೊನ್ನೇಶ ಬರಲಿ. ನೀವು ಬರುವುದು ಬೇಡ.

ಶಕುಂತಲಮ್ಮ

*

ಕಡೂರು
11 ಫೆಬ್ರವರಿ 2025

ಅಕ್ಕಾ, ಈ ಚೀಟಿ ಹೊನ್ನೇಶನ ಕೈಯಲ್ಲಿದೆ. ಮಹೇಂದ್ರ ಫೋನ್ ಎತ್ತುತ್ತಿಲ್ಲ. ಹೊನ್ನೇಶ ಬಂದವನೇ ಎರಡು ಅಗ್ಗಿಷ್ಟಿಕೆಯನ್ನೂ ಅಂಗಳಕ್ಕೆ ಹಾಕುತ್ತಾನೆ, ಕಿಟಕಿ ಬಾಗಿಲು ತೆಗೆಯುತ್ತಾನೆ. ತಡೆಯಬೇಡಿ. ಅವನ ಮಾತು ನಿಮಗೆ ಕೇಳುವುದಿಲ್ಲ, ಅದಕ್ಕೇ ಬರೆದಿದ್ದೇನೆ. ಆ ಕೆಂಡ ಕೊಲ್ಲುತ್ತದೆ. ನಿಶ್ಚಿತಾಳನ್ನೂ ಮಗುವನ್ನೂ ಅದೇ ಆಟೋದಲ್ಲಿ ಆಸ್ಪತ್ರೆಗೆ ಕಳಿಸಿ. ನನ್ನನ್ನು ಆಮೇಲೆ ಬೈಯಿರಿ. ಈಗ ಬಾಗಿಲು ತೆಗೆಯಿರಿ.

*

ಚೌಳಹಿರಿಯೂರು
13 ಫೆಬ್ರವರಿ 2025

ಕಾಂತಮ್ಮ,

ನಿಶ್ಚಿತಾಳೂ ಮಗುವೂ ಉಳಿದರು. ಡಾಕ್ಟರು ಇನ್ನೊಂದು ದಿನ ಕಳೆದಿದ್ದರೆ ಕಷ್ಟವಿತ್ತು ಅಂದರಂತೆ. ಕೆಂಡದ ವಿಷಯ ನಿಮಗೆ ಹೇಗೆ ಗೊತ್ತು ಅಂತ ಹೊನ್ನೇಶನನ್ನು ಕೇಳಿದೆ, ಅವ್ವನನ್ನೇ ಕೇಳಿ ಅಂತ ಬರೆದು ತೋರಿಸಿದ.

ಒಂದೇ ಒಂದು ಮಾತು ಕೇಳುತ್ತೇನೆ. ನಿಖಿತಾಳ ಮಗು ಹೋದ ದಿನ ಕೆಂಡ ಆರಿತ್ತೋ, ಉರಿಯುತ್ತಿತ್ತೋ?

ಶಕುಂತಲಮ್ಮ

*

ಕಡೂರು
17 ಫೆಬ್ರವರಿ 2025

ಅಕ್ಕಾ,

ಉರಿಯುತ್ತಿತ್ತು.

ಈ ಕಾಗದವನ್ನು ಯಾರಾದರೂ ಹತ್ತಿರ ಇದ್ದಾಗ ಓದಿ. ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಅವತ್ತು ಬೆಳಿಗ್ಗೆ ನಾನು ಮೆಣಸಿನ ಕಷಾಯ ಹಿಡಿದು ಕೋಣೆಯ ಬಾಗಿಲು ತೆಗೆದೆ. ಒಳಗೆ ಬೆಚ್ಚಗಿತ್ತು. ಹೊಗೆಯಿಲ್ಲ, ವಾಸನೆಯಿಲ್ಲ, ಏನೂ ಇಲ್ಲ. ನಿಖಿತಾ ಮಗುವಿನ ಕಡೆ ತಿರುಗಿ ಮಲಗಿದ್ದಳು. "ಏಳೇ ತಾಯಿ, ಬಿಸಿಲು ಬಂತು" ಅಂದೆ. ಮಗುವಿನ ಕೆನ್ನೆ ಅದೇ ಕೆಂಪು, ಮೈ ಮಾತ್ರ ತಣ್ಣಗಿತ್ತು. ಆ ಬೆಚ್ಚನೆಯ ಕೋಣೆಯಲ್ಲಿ ಅದೊಂದೇ ತಣ್ಣಗಿತ್ತು, ಅಕ್ಕಾ. ನಾನು ಕೂಗಿದ್ದು ಕೆಳಗಿನ ಮಹಡಿಯವರೆಗೂ ಕೇಳಿತಂತೆ. ಹೊನ್ನೇಶನೂ ಈರಕ್ಕನ ಮಗನೂ ನಿಖಿತಾಳನ್ನು ಹೊತ್ತು ಮೆಟ್ಟಿಲು ಇಳಿಸಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಆಚೆ ಬಂದು ಮೊದಲು ಕೇಳಿದ್ದೇ "ಒಳಗೆ ಇದ್ದಿಲು ಉರಿಸಿದ್ರಾ?" ಅಂತ. ಇದ್ದಿಲಿನಿಂದ ಒಂದು ವಿಷದ ಗಾಳಿ ಬರುತ್ತದಂತೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ಮೊದಲಿನ ಹಾಗೆ ಜಾಲಂಧ್ರ ಇದ್ದಿದ್ದರೆ ಹೊರಗೆ ಹೋಗುತ್ತಿತ್ತು. ತಲೆನೋವು, ವಾಂತಿ ಎಲ್ಲ ಅದರದ್ದೇ. ಮಗು ಅಳದೆ ಮಲಗುತ್ತಿದ್ದದ್ದೂ, ಕೆನ್ನೆ ಕೆಂಪಾಗಿದ್ದದ್ದೂ ಅದರದ್ದೇ. ನಾವು ಪುಣ್ಯದ ಮಗು ಅಂದುಕೊಂಡೆವು.

ಅಷ್ಟರಲ್ಲಿ ನೀವೂ ಊರಿನಿಂದ ಬಂದು ನನ್ನ ಪಕ್ಕದಲ್ಲೇ ನಿಂತಿದ್ದಿರಿ. "ಏನಂತೆ, ಏನಂತೆ" ಅಂತ ನನ್ನ ಸೆರಗು ಎಳೆಯುತ್ತಿದ್ದಿರಿ. ಪೆನ್ನು ತೆಗೆದುಕೊಂಡೆ. ಇದ್ದಿಲು ಅಂತ ಬರೆಯಲು ಕೈ ಬರಲಿಲ್ಲ. ಕಫ ಅಂತ ಬರೆದೆ. ಯಜಮಾನರಿಗೂ ಮಹೇಂದ್ರನಿಗೂ ಅದನ್ನೇ ಹೇಳಿದೆವು. ನಿಖಿತಾಳಿಗೆ ಎಚ್ಚರವಾದ ಮೇಲೆ ಅವಳಿಗೆ ಡಾಕ್ಟರೇ ಹೇಳಿದರು. ಅವಳು ನನ್ನ ಕೈ ಹಿಡಿದು ಹೇಳಿದ್ದು ಇಷ್ಟೆ: "ಅಮ್ಮಂಗೆ ಹೇಳ್ಬೇಡಿ ಅತ್ತೆ. ಅಮ್ಮ ಬದುಕಲ್ಲ." ಆಮೇಲೆ ನೀವು ಕೆಂಡ ಆರಿತ್ತು ತಾನೇ ಅಂತ ಬರೆದಿರಿ. ನನ್ನನ್ನು ಬೈದರೆ ನಿಮ್ಮ ಸಂಕಟ ಸ್ವಲ್ಪ ಇಳಿಯುತ್ತದಲ್ಲ ಅಂತ ಹೌದು ಅಂದುಬಿಟ್ಟೆ. ನಿಮ್ಮ ಮನೆಯ ಬಾಣಂತಿಗೂ ನೀವು ಇದೇ ಕೆಂಡ ಇಡುತ್ತೀರಿ ಅನ್ನುವುದು ಆ ಹೊತ್ತು ನನ್ನ ತಲೆಗೆ ಹೊಳೆಯಲೇ ಇಲ್ಲ. ನಿಮಗೆ ನೋವಾಗಬಾರದು ಅಂತ ಹೇಳಿದ ಸುಳ್ಳು ಇನ್ನೊಂದು ಮಗುವನ್ನು ತಿನ್ನುತ್ತಿತ್ತು. ನಿಮ್ಮ ಕಾಗದ ಓದಿದವಳೇ ಚೀಟಿ ಗೀಚಿ ಹೊನ್ನೇಶನನ್ನು ಓಡಿಸಿದೆ.

ಯೋಜನೆಯವರು ಬಂದಿದ್ದರು. ಕುಟುಂಬದವರ ಅಜಾಗರೂಕತೆ ಅಂತ ಬರೆದು ಸಹಿ ಹಾಕಿ ಅಂದರು. ಹಾಕಲಿಲ್ಲ. "ಫ್ಯಾನು ಎಲ್ಲಿ?" ಅಂತ ಕೇಳಿದೆ. ಈಗ ಅಜ್ಜಂಪುರದಿಂದ ಲಾರಿಯಲ್ಲಿ ಬಂದು ಎಲ್ಲರ ಮನೆಗೂ ಹಾಕುತ್ತಿದ್ದಾರೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಸುಮನಾ ಬಂದು ಮೆಟ್ಟಿಲ ಮೇಲೆ ಕೂತು ಅತ್ತಳು. "ಹೊಗೆ ಅಂತ ಮಾತ್ರ ಹೇಳ್ದೆ ಅಮ್ಮಾ. ಕಾಣದೇ ಇರೋದೂ ಇದೆ ಅಂತ ಹೇಳ್ಬೇಕಿತ್ತು" ಅಂದಳು. ನನಗೆ ಅವಳ ಮೇಲೆ ಕನಿಕರ ಬರಲಿಲ್ಲ. ಬರಬೇಕಿತ್ತೇನೋ.

ನಿಮ್ಮ ಮೇಲೆ ಯಾರಿಗೂ ಕೋಪ ಇಲ್ಲ. ನಿಖಿತಾಳಿಗೂ ಇಲ್ಲ. ಇದನ್ನು ಅವಳೇ ಬರೆಯಲು ಹೇಳಿದಳು.

ಕಾಂತಮ್ಮ

*

ಚೌಳಹಿರಿಯೂರು
2 ಮಾರ್ಚ್ 2025

ಕಾಂತಮ್ಮನಿಗೆ,

ಬರೆಯಲು ತಡವಾಯಿತು.

ನಿಶ್ಚಿತಾಳೂ ಮಗುವೂ ಮನೆಗೆ ಬಂದಿದ್ದಾರೆ. ಕೋಣೆಯ ಕಿಟಕಿ ತೆಗೆದೇ ಇದೆ. ರಬ್ಬರ್ ಪಟ್ಟಿಯನ್ನು ಮಹೇಂದ್ರ ಕಿತ್ತುಹಾಕಿದ. ಬೀದಿಯ ಹೆಂಗಸರು ಬಂದು ಮೂಗಿನ ಮೇಲೆ ಬೆರಳಿಟ್ಟರು. ಮಾಲಿನಿ ಅಂತ ನಮ್ಮ ಪಕ್ಕದ ಮನೆಯವಳು ನನಗೆ ಕೈಸನ್ನೆ ಮಾಡಿ, ಬಾಣಂತಿಗೆ ಗಾಳಿ ಬಿಟ್ಟಿದ್ದೀಯಲ್ಲ, ಸೊಸೆ ಅಂತ ಹೀಗಾ, ಮಗಳಾಗಿದ್ದರೆ ಬಿಡುತ್ತಿದ್ದೆಯಾ ಅಂತ ಕೇಳಿದಳು. ನಾನು ಹೇಳಿದೆ. ನನ್ನ ದನಿ ಎಷ್ಟು ಜೋರು ಅಂತ ನನಗೆ ತಿಳಿಯುವುದಿಲ್ಲ ನೋಡಿ. ಮೆಲ್ಲಗೆ ಹೇಳಿದೆ ಅಂದುಕೊಂಡಿದ್ದೆ. "ಮಗಳಿಗೆ ಬಿಡ್ಲಿಲ್ಲ ಕಣೇ. ಮಗಳ ಮಗೂನ ನಾನು ಕಳ್ಸಿದ್ ಇದ್ಲೇ ತಿಂತು." ಆಚೆ ಬಂದು ನೋಡಿದರೆ ಅಂಗಡಿ ಹತ್ತಿರದ ಗಂಡಸರೆಲ್ಲ ಎದ್ದು ನಿಂತಿದ್ದರು. ಇಡೀ ಬೀದಿಗೆ ಕೇಳಿತ್ತು. ಕೇಳಲಿ. ಅವತ್ತು ಸಂಜೆ ಎರಡು ಮನೆಯವರು ಬಾಣಂತಿ ಕೋಣೆಯಿಂದ ಅಗ್ಗಿಷ್ಟಿಕೆ ಎತ್ತಿ ಆಚೆ ಇಟ್ಟರಂತೆ.

ನಿಮ್ಮ ಕಾಗದವನ್ನು ಎಷ್ಟೋ ಸಲ ಓದಿದೆ. ಎಲ್ಲ ಬರೆದಿದ್ದೀರಿ, ಒಂದನ್ನು ಬಿಟ್ಟಿದ್ದೀರಿ. ಬಾಗಿಲ ಸಂದಿಗೆ ಸೀರೆ ತುರುಕಿ, ಎರಡು ಹಿಡಿ ಹೆಚ್ಚಿಗೆ ಹಾಕಿ, ಆಚೆ ಕರೆಯಬೇಡಿ ಅಂತ ಬರೆದವಳು ನಾನು. ನಡುಮನೆಗೆ ಬಂದರೆ ತಲೆನೋವು ಸರಿಹೋಗುತ್ತದೆ ಅಂತ ನೀವು ಬರೆದಿದ್ದಿರಿ. ಸರಿಯಾಗೇ ಕಂಡಿತ್ತು ನಿಮಗೆ. ನಾನು ಅವಳನ್ನು ಮತ್ತೆ ಒಳಗೆ ಕಳಿಸಿದೆ. ಅದನ್ನು ಬರೆಯದೆ ಬಿಟ್ಟರೆ ನಾನು ಮರೆಯುತ್ತೇನೆ ಅಂದುಕೊಂಡಿರಾ?

ಯೋಜನೆಯವರ ಕಾಗದಕ್ಕೆ ಸಹಿ ಹಾಕಬೇಡಿ. ತೂತು ಮುಚ್ಚಿದವರು ಅವರು. ಕೆಂಡ ಇಟ್ಟವರು ನಾವು. ಅವರು ತಮ್ಮ ಪಾಲಿನದನ್ನು ಹೊರಲಿ, ನಮ್ಮ ಪಾಲಿನದನ್ನು ನಾವು ಹೊರುತ್ತೇವೆ. ಬೇಕಾದರೆ ನನ್ನನ್ನು ಕರೆಯಿರಿ, ಯಾರ ಮುಂದೆ ಬೇಕಾದರೂ ಬಂದು ಹೇಳುತ್ತೇನೆ.

ನಿಮ್ಮನ್ನು ನಾನು ನಾಲ್ಕು ಜನರ ಮುಂದೆ ಬೈದೆ. ಮಲಗಿ ನಿದ್ದೆ ಮಾಡಿ ಮೊಮ್ಮಗಳನ್ನು ಕೊಂದಳು ಅಂದೆ. ಮಠದ ಸ್ವಾಮಿಗಳ ಹತ್ತಿರವೂ ಹೋಗಿ ಅಂದೆ. ಆ ನಾಲ್ಕು ಜನರ ಹತ್ತಿರವೂ ಮತ್ತೆ ಹೋಗಿ ನಿಜ ಹೇಳಿ ಬಂದಿದ್ದೇನೆ. ಅದರಿಂದ ಆಡಿದ ಮಾತು ವಾಪಸ್ ಬರುವುದಿಲ್ಲ, ಗೊತ್ತು.

ಇನ್ನು ನಿಖಿತಾ. ಅವಳಿಗೆ ನನ್ನ ಮೇಲೆ ಕೋಪ ಇಲ್ಲ ಅಂತ ಬರೆಸಿದ್ದಾಳೆ. ನನ್ನನ್ನು ಉಳಿಸಲು ಅಷ್ಟು ದಿನ ಬಾಯಿ ಮುಚ್ಚಿಕೊಂಡು, ತನ್ನ ಮಗುವನ್ನು ಕಳಕೊಂಡು, ನಾನು ನಿಮ್ಮನ್ನು ಬೈಯುವುದನ್ನೂ ಕೇಳಿಸಿಕೊಂಡು ಕೂತಿದ್ದಳಲ್ಲ, ಅವಳು ನನ್ನ ತಾಯಿಯೋ, ನಾನು ಅವಳ ತಾಯಿಯೋ?

ಅವಳಿಗೆ ಹೇಳಿ, ಕೋಪ ಮಾಡಿಕೊಳ್ಳಲಿ. ನನ್ನ ಎದುರಿಗೆ ನಿಂತು ಬೈಯಲಿ, ಕಿರುಚಲಿ. ನನಗೆ ಕೇಳುವುದಿಲ್ಲ, ಮುಖ ನೋಡಿದರೆ ಗೊತ್ತಾಗುತ್ತದೆ. ಸೋಮವಾರದ ಮೊದಲ ಬಸ್ಸಿಗೆ ಬರುತ್ತಿದ್ದೇನೆ. ಕೋಪ ಇಲ್ಲ ಅಂತ ಮಾತ್ರ ಅವಳು ಅನ್ನಬಾರದು, ಕಾಂತಮ್ಮ. ಅದೊಂದನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ಶಕುಂತಲಮ್ಮ